ಖಯ್ಯಾಮ್ ಕಟ್ಟಿದ ಗುಮ್ಮಟವಂತೆ!

ಇರಾನಿನ ಇಸ್ಫಹಾನ್ ಜಾಮೆ ಮಸೀದಿ ಬಗ್ಗೆ ಬರೆದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಒಂದಕ್ಕೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ. ಮತ್ತೆ ಕೇಳಬೇಡಿ.

ಪ್ರಶ್ನೆ: ಈ ಮಸೀದಿಯ ಉತ್ತರದ ಗುಮ್ಮಟಕ್ಕೆ ನಕ್ಷೆ ಹಾಕಿದ್ದು ಪರ್ಷಿಯಾದ ಕವಿ, ಗಣಿತಜ್ಞ ಉಮರ್ ಖಯ್ಯಾಮ್ ಅಂತೆ. ಅದರಲ್ಲಿ ಗೋಲ್ಡನ್ ರೇಶಿಯೋ (ಸುಮಾರು 1.618ರ ಅನುಪಾತ) ಅಡಗಿದೆ, ಅದಕ್ಕೇ 900 ವರ್ಷವಾದರೂ ಬಿದ್ದಿಲ್ಲ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ನಿಜವೇ?

ಕಟ್ಟಿಸಿದವನ ಹೆಸರು ಅಲ್ಲೇ ಶಾಸನದಲ್ಲಿದೆ: ತಾಜುಲ್ ಮುಲ್ಕ್, ಹಿಜರಿ 481. ಅಂದರೆ 1088-89. ಖಯ್ಯಾಮನ ಹೆಸರಿಲ್ಲ. ಆ ಕಾಲಕ್ಕೆ ಅವನು ಇರಾನನ್ನು ಆಳುತ್ತಿದ್ದ ಸೆಲ್ಜುಕ್ ವಂಶದ ಸುಲ್ತಾನ ಮಲಿಕ್ ಷಾನ ಆಶ್ರಯದಲ್ಲಿದ್ದ, 1079ರ ಪಂಚಾಂಗ ಸುಧಾರಣೆಗೆ ದುಡಿದಿದ್ದ. ಅಷ್ಟು ಸರಿ. ಅವನ ಕೈವಾಡ ಇರಬಹುದು ಅಂತ ವಿದ್ವಾಂಸರೂ ಊಹಿಸಿದ್ದುಂಟು. ಅವರು ಊಹೆ ಅಂತಲೇ ಬರೆದರು. ವಿಡಿಯೊದವರು ಆ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಎತ್ತಿಕೊಂಡರು.

ನಿಜವಾದ ಕಥೆಯೇ ಜಾಸ್ತಿ ಸ್ವಾರಸ್ಯವಾಗಿದೆ. ಒಂದೆರಡು ವರ್ಷ ಮೊದಲು ಮಲಿಕ್ ಷಾನ ವಜೀರ ನಿಜಾಮುಲ್ ಮುಲ್ಕ್ ಇದೇ ಮಸೀದಿಯ ದಕ್ಷಿಣ ದಿಕ್ಕಿನಲ್ಲಿ ದೊಡ್ಡ ಗುಮ್ಮಟ ಕಟ್ಟಿಸಿದ್ದ. ತಾಜುಲ್ ಮುಲ್ಕ್ ಅವನ ಎದುರಾಳಿ. ಗಾತ್ರದಲ್ಲಿ ಮೀರಿಸಲಿಲ್ಲ, ನಾಜೂಕಿನಲ್ಲಿ ಮೀರಿಸಿದ. 1092ರಲ್ಲಿ ನಿಜಾಮುಲ್ ಮುಲ್ಕ್ ಕೊಲೆಯಾದ. ಮರುವರ್ಷ ತಾಜುಲ್ ಮುಲ್ಕನೂ ಕೊಲೆಯಾದ.

ಈಗ ಗುಮ್ಮಟಕ್ಕೆ ಬರೋಣ. ಸುಮಾರು 10 ಮೀಟರ್ ಅಗಲದ ಚೌಕ ಕೋಣೆ, ಎತ್ತರ ಅದರ ಎರಡರಷ್ಟು. ಒಂದು ಮೂಲೆಯಲ್ಲಿ ನಿಂತು ನೆಲದಿಂದ ಮೇಲಕ್ಕೆ ನೋಡುತ್ತಾ ಹೋಗಿ. ಗೋಡೆಗೆ ಅಂಟಿದ ಸಪೂರ ಕಂಬಗಳು ನೇರ ಮೇಲೇರಿ ಕಮಾನುಗಳಾಗುತ್ತವೆ. ಮೂಲೆಯ ಕಮಾನಿನೊಳಗೆ ಮತ್ತೆ ಮೂರು ಭಾಗ: ನಡುವೆ ಎತ್ತರದ್ದೊಂದು, ಅಕ್ಕಪಕ್ಕ ಚಿಕ್ಕವೆರಡು. ಹೀಗೆ ನಾಲ್ಕು ಮೂಲೆ ಎಂಟಾಗುತ್ತದೆ, ಅದರ ಮೇಲೆ ಹದಿನಾರು ಸಣ್ಣ ಕಮಾನು, ಆಮೇಲೆ ದುಂಡಗಿನ ಗುಮ್ಮಟ. ಮೇಲಿನ ಭಾರ ಒಂದೇ ಕಡೆ ಬೀಳದೆ ಹಂಚಿಕೊಂಡು ಗೋಡೆಗೆ ಇಳಿಯುತ್ತದೆ. ನಿಂತಿರುವುದು ಇದರಿಂದ, ದಪ್ಪ ಗೋಡೆಯಿಂದ, ಮತ್ತು ಕಾಲಕಾಲಕ್ಕೆ ರಿಪೇರಿ ಮಾಡಿದವರಿಂದ. ಆ ಕೊನೆಯವರನ್ನು ಯಾರೂ ನೆನೆಯುವುದಿಲ್ಲ.

ಗೋಲ್ಡನ್ ರೇಶಿಯೋ? ಗುಮ್ಮಟದ ಒಳಮೈಯಲ್ಲಿ ಇಟ್ಟಿಗೆಯ ಪಟ್ಟಿಗಳು ಐದು ಮೂಲೆಯ ನಕ್ಷತ್ರ ಬಿಡಿಸಿವೆ. ಅಂಥ ನಕ್ಷತ್ರವನ್ನು ನೀವು ನೋಟ್‌ಬುಕ್ಕಿನಲ್ಲಿ ಬರೆದರೂ ಆ ಅನುಪಾತ ಬಂದೇ ಬರುತ್ತದೆ, ಅಲ್ವಾ? ಅದರಲ್ಲಿ ಗುಟ್ಟೇನಿದೆ? ನೋಡಬೇಕಾದ್ದು ಬೇರೆ. ಕೆಳಗೆ ಹದಿನಾರು ಕಮಾನು, ಮೇಲೆ ಐದು ಮೂಲೆ. ಹದಿನಾರನ್ನು ಐದರಿಂದ ಭಾಗಿಸಲಾಗದು. ಆದರೂ ಎಲ್ಲೂ ಅಡ್ಡಾದಿಡ್ಡಿ ಅನ್ನಿಸುವುದಿಲ್ಲ. ಇದಕ್ಕೆ ಖಯ್ಯಾಮನೇ ಬರಬೇಕಿರಲಿಲ್ಲ. ಕುಶಲಕರ್ಮಿಗಳಿಗೆ ಬೇಕಾದ ರೇಖಾಗಣಿತದ ಬಗ್ಗೆ ಗಣಿತಜ್ಞ ಅಬುಲ್ ವಫಾ ಬೂಜ್‌ಜಾನಿ ಅದಕ್ಕೂ ಮೊದಲೇ, ಹತ್ತನೇ ಶತಮಾನದಲ್ಲಿ, ಪುಸ್ತಕ ಬರೆದಿದ್ದ. ಗಾರೆ ಕೆಲಸದವನಿಗೆ ತಲೆ ಇರುತ್ತದೆ ಅಂತ ಒಪ್ಪಲು ನಮಗೆ ಯಾಕಿಷ್ಟು ಕಷ್ಟವೋ!

ಫೋಟೊ ಮೇಲೆ ಗೆರೆ ಎಳೆದು ‘ಪವಿತ್ರ ಜ್ಯಾಮಿತಿ’ ಕೋರ್ಸ್ ಮಾರುವವರಿಗೆ ಸುಮ್ನೆ ದುಡ್ಡು ಕೊಡಬೇಡಿ. ಕ್ಯಾಮೆರಾ ಸ್ವಲ್ಪ ವಾಲಿದರೂ ಅಳತೆ ಬದಲಾಗುತ್ತದೆ.

ಪ್ರಶ್ನೆ: ಈ ಫೋಟೊದಲ್ಲಿರುವ ನೀಲಿ ಟೈಲ್ಸ್ ಸೆಲ್ಜುಕರದ್ದೇ?

ಅಲ್ಲ. ನೀವು ಕಳಿಸಿದ ಫೋಟೊ ಬೇರೆ ಮಸೀದಿಯದ್ದು. ಅದು ಸಫವಿ ದೊರೆ ಷಾ ಅಬ್ಬಾಸ್ 1611ರಲ್ಲಿ ಶುರು ಮಾಡಿಸಿದ್ದು. ಜಾಮೆ ಮಸೀದಿ ಅಂಗಳದ ಟೈಲ್ಸ್ ಕೂಡ ನಂತರದವು. ಸೆಲ್ಜುಕರನ್ನು ನೋಡಬೇಕಾದರೆ ಕಂದು ಇಟ್ಟಿಗೆ ಹುಡುಕಿ.

ಪ್ರಶ್ನೆ: ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಾ?

ಆ ಕಡೆ ಬಳಸುತ್ತಿದ್ದದ್ದು ಜಿಪ್ಸಮ್ ಗಾರೆ. ಬೇಗ ಗಟ್ಟಿಯಾಗುತ್ತದೆ, ಮರದ ಆಸರೆ ಕಡಿಮೆ ಸಾಕು. ಬೆಲ್ಲ ಹೋಳಿಗೆಗೆ ಇರಲಿ.

ಪ್ರಶ್ನೆ: ನಮ್ಮ ಗೋಳಗುಮ್ಮಟ ಇದಕ್ಕಿಂತ ದೊಡ್ಡದಲ್ಲವೇ?

ಹೌದು, ಒಳಗೇ ಸುಮಾರು 38 ಮೀಟರ್ ಅಗಲ. ಐದೂವರೆ ಶತಮಾನ ಆಮೇಲಿನದು. ಪಂದ್ಯ ಯಾಕೆ?

ಪ್ರಶ್ನೆ: ಕಲಬುರಗಿ ಕೋಟೆಯ ಜಾಮಾ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲಂತೆ?

ಗೈಡ್‌ಗಳ ಕಥೆ. 1367ರ ಶಾಸನ ಹೇಳುವಂತೆ ಕಟ್ಟಿದವನ ಹೆಸರು ರಫಿ, ಊರು ಇರಾನಿನ ಕಜ್ವೀನ್.

ಪ್ರಶ್ನೆ: ಮನೆ ಮೇಲೆ ಇಂಥ ಇಟ್ಟಿಗೆ ಗುಮ್ಮಟ ಕಟ್ಟಿಸಬಹುದೇ? ಮೇಸ್ತ್ರಿ ಆಗುತ್ತೆ ಅಂತಾನೆ.

ಮೇಸ್ತ್ರಿ ಎಲ್ಲದಕ್ಕೂ ಆಗುತ್ತೆ ಅಂತಾನೆ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಿಸಬೇಡಿ. ನನ್ನನ್ನು ಕೇಳಿದರೆ, ಸಹಿ ಇದ್ದರೂ ಬೇಡ.