ಎಐ ಕಾನೂನು ಬರಲಿ ಅಂತ ಕಾಯಬೇಡಿ, ನಾನು ಕಾದು ಕೆಟ್ಟಿದ್ದೇನೆ

ಬಾಗಲಕೋಟೆಯಲ್ಲಿ ದಾಳಿಂಬೆ ಬೆಳೆಗಾರರಿಗೆ ಕನ್ನಡದಲ್ಲಿ ಉತ್ತರ ಕೊಡುವ ಎಐ ಆ್ಯಪ್ ಮಾಡುತ್ತಿದ್ದೀರಿ. ಕೇಂದ್ರ ಸರ್ಕಾರದ ಎಐ ಕಾನೂನು ಬರುವವರೆಗೆ ಕಾಯಬೇಕಾ, ಇಲ್ಲ ಪರ್ಮಿಷನ್ ತಗೊಂಡು ಈಗಲೇ ಶುರು ಮಾಡಬೇಕಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ 2024ರ ಮಾರ್ಚ್ ತಿಂಗಳು ಕಣ್ಣ ಮುಂದೆ ಬಂತು.

ಆಗ ನಾನು, ನನ್ನ ಗೆಳೆಯ ವಿಜಯಪುರದ ಅಥಣಿ ರಸ್ತೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದಿದ್ದೆವು. ತಿಕೋಟಾ ಕಡೆಯ ದ್ರಾಕ್ಷಿ ರೈತರು ಎಲೆಯ ಫೋಟೋ ಕಳಿಸಿದರೆ ಅದು ಡೌನಿ ರೋಗವೋ, ಬೂದಿ ರೋಗವೋ ಅಂತ ನಮ್ಮ ಭಾಗದ ಕನ್ನಡದಲ್ಲೇ ಮಾತಾಡಿ ಹೇಳುವ ವ್ಯವಸ್ಥೆ ಕಟ್ಟುತ್ತಿದ್ದೆವು. ಗೊಬ್ಬರ, ಎಣ್ಣೆ ಮಾರುವ ಒಂದು ದೊಡ್ಡ ಅಂಗಡಿಯವರು ಅದನ್ನು ತಮ್ಮ ರೈತರಿಗೆ ಕೊಡಲು ಒಪ್ಪಿದ್ದರು (ಎಣ್ಣೆ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧ). ನಾಲ್ಕು ಲಕ್ಷಕ್ಕೆ ಮಾತಾಗಿತ್ತು, 50 ಸಾವಿರ ಮುಂಗಡ ಬಂದಿತ್ತು. ಅಂಗಡಿ ಮಾಲೀಕರನ್ನು ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಅವರದ್ದು ಒಂದೇ ಷರತ್ತು. ಏಪ್ರಿಲ್ ಚಾಟ್ನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವುದಕ್ಕೆ, ಮೊದಲು ಕೆಲಸ ಮುಗಿಯಬೇಕು. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಬೀಳುತ್ತದೆ, ಏಪ್ರಿಲ್‌ನಲ್ಲಿ ಕಡ್ಡಿಗೆ, ಅಕ್ಟೋಬರ್‌ನಲ್ಲಿ ಹಣ್ಣಿಗೆ. ರೈತರು ಅಂಗಡಿ ಮೆಟ್ಟಿಲು ಹತ್ತಿ ವರ್ಷದ ಲೆಕ್ಕ ಶುರು ಮಾಡುವುದು ಏಪ್ರಿಲ್‌ನಲ್ಲಿ.

ಮಾರ್ಚ್ 1, ಶುಕ್ರವಾರ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಒಂದು ಅಡ್ವೈಸರಿ, ಅಂದರೆ ಸಲಹಾ ಪತ್ರ ಹೊರಡಿಸಿತು. ಲೋಕಸಭೆ ಚುನಾವಣೆ ಹತ್ತಿರ ಇತ್ತು. ಇನ್ನೂ ಪರೀಕ್ಷೆಯಲ್ಲಿರುವ, ಪೂರ್ತಿ ನಂಬಲಾಗದ ಎಐ ಮಾಡೆಲ್‌ಗಳನ್ನು ಭಾರತದಲ್ಲಿ ಜನರ ಬಳಕೆಗೆ ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು ಅಂತ ಅದರಲ್ಲಿತ್ತು. ಭಾನುವಾರ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದು ನನಗೆ ತಲುಪಿದ್ದು ಒಂದೇ ಸಾಲಿನಲ್ಲಿ: ಎಐಗೆ ಇನ್ನು ಮುಂದೆ ಲೈಸೆನ್ಸ್ ಕಡ್ಡಾಯ.

ನಾನು ಆ ಒಂದು ಸಾಲನ್ನು ನಂಬಿದೆ. ಪತ್ರ ಓದಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಇಡೀ ವರ್ಷ ಹೋಗಿದ್ದು ಇದರಲ್ಲೇ. ಸರ್ಕಾರದಿಂದ ಬರುವ ಕಾಗದಗಳೆಲ್ಲ ಒಂದೇ ತೂಕದವಲ್ಲ. ಕಾಯ್ದೆ ಅಂದರೆ ಸಂಸತ್ತು ಪಾಸು ಮಾಡಿ ರಾಷ್ಟ್ರಪತಿ ಸಹಿ ಹಾಕಿದ್ದು. ಐಟಿ ಕಾಯ್ದೆ 2000 ಅಂಥದ್ದು. ನಿಯಮ ಅಂದರೆ ಆ ಕಾಯ್ದೆ ಕೊಟ್ಟ ಅಧಿಕಾರದ ಒಳಗೆ ಸರ್ಕಾರ ಬರೆದು ಗೆಜೆಟ್‌ನಲ್ಲಿ ಹಾಕಿದ್ದು. ಐಟಿ ನಿಯಮಗಳು 2021 ಆ ಜಾತಿಯದ್ದು. ಇವೆರಡಕ್ಕೂ ಹಲ್ಲಿದೆ. ಅಡ್ವೈಸರಿ ಹಾಗಲ್ಲ. ಈಗಿರುವ ನಿಯಮವನ್ನು ಹೀಗೆ ಪಾಲಿಸಿ ಅಂತ ಇಲಾಖೆ ಬರೆಯುವ ಪತ್ರ ಅದು. ಹೊಸ ಲೈಸೆನ್ಸ್ ಅನ್ನು ಅಡ್ವೈಸರಿಯೊಂದೇ ಹುಟ್ಟಿಸಲಾರದು. ಲೈಸೆನ್ಸ್ ಇದೆ ಅಂದರೆ ಅದಕ್ಕೊಂದು ಅರ್ಜಿ ನಮೂನೆ ಇರಬೇಕು, ಶುಲ್ಕ ಇರಬೇಕು, ಕೊಡುವ ಅಧಿಕಾರಿ ಇರಬೇಕು ಅಲ್ವಾ? ಇದ್ಯಾವುದೂ ಇರಲಿಲ್ಲ. ಇದೆಯಾ ಅಂತ ನಾನು ಕೇಳಲೂ ಇಲ್ಲ.

ಇನ್ನೊಂದು ಮಾತು. ಪತ್ರ ಯಾರಿಗೆ ಬರೆದದ್ದು ಅಂತ ಮೊದಲ ಸಾಲಿನಲ್ಲೇ ಇರುತ್ತದೆ. ಅದು ಇಂಟರ್‌ಮೀಡಿಯರಿಗಳಿಗೆ, ಅಂದರೆ ಜನರ ಪೋಸ್ಟು, ವಿಡಿಯೋ ಹೊತ್ತು ತಿರುಗುವ ವೇದಿಕೆಗಳಿಗೆ ಬರೆದದ್ದು. ಆಗಿನ ಕೇಂದ್ರ ರಾಜ್ಯ ಸಚಿವ ರಾಜೀವ್ ಚಂದ್ರಶೇಖರ್ ಮಾರ್ಚ್ 4ರಂದೇ, ಇದು ದೊಡ್ಡ ವೇದಿಕೆಗಳಿಗೆ, ಸ್ಟಾರ್ಟಪ್‌ಗಳಿಗೆ ಅನ್ವಯಿಸುವುದಿಲ್ಲ ಅಂತ ಬಹಿರಂಗವಾಗಿ ಹೇಳಿದ್ದರು. ಮಾರ್ಚ್ 15ಕ್ಕೆ ಸಚಿವಾಲಯ ಹಳೆಯ ಪತ್ರದ ಜಾಗದಲ್ಲಿ ಹೊಸದನ್ನು ಕೊಟ್ಟು ಅನುಮತಿಯ ಮಾತನ್ನೇ ತೆಗೆದುಹಾಕಿತು. ಉತ್ತರ ತಪ್ಪಿರಬಹುದು ಅಂತ ಬಳಸುವವರಿಗೆ ತಿಳಿಯುವಂತೆ ಗುರುತು ಹಾಕಿ ಅನ್ನುವುದು ಉಳಿಯಿತು. ಎಲ್ಲ ಸೇರಿ ಹದಿನಾಲ್ಕು ದಿನದ ಕಥೆ.

ಆ ಹದಿನಾಲ್ಕು ದಿನದಲ್ಲಿ ನಾನು ಮಾಡಿದ್ದೇನು? ಹುಬ್ಬಳ್ಳಿಯಲ್ಲಿ ಕಂಪನಿ ರಿಜಿಸ್ಟ್ರೇಷನ್ ಮಾಡಿಸುವ ಒಬ್ಬರ ಹತ್ತಿರ ಹೋದೆ. ದಿಲ್ಲಿಯಿಂದ ಅನುಮತಿ ತರಿಸಿಕೊಡುತ್ತೇನೆ ಅಂದರು. ಕಾಕಾ ಕೊಟ್ಟ ಮುಂಗಡದಲ್ಲಿ 40 ಸಾವಿರ ಅವರ ಕೈಗಿಟ್ಟೆ. ಅವರು ನನ್ನ ಮುಂದೆ ಒಂದು ಪಟ್ಟಿ ತೆರೆದು, ನಿಮ್ಮದು ಹೈ ರಿಸ್ಕ್ ಎಐ ಅಂದರು. ಆ ಪಟ್ಟಿ ಯುರೋಪಿನದು ಅಂತ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಯುರೋಪಿನ ಸಂಸತ್ತು ತನ್ನ ಎಐ ಕಾಯ್ದೆಗೆ ಒಪ್ಪಿಗೆ ಕೊಟ್ಟಿದ್ದು ಅದೇ ಮಾರ್ಚ್ 13ಕ್ಕೆ. ಎರಡೂ ಸುದ್ದಿ ಒಂದೇ ವಾರ ಓಡಾಡುತ್ತಿದ್ದವು, ನನ್ನ ತಲೆಯಲ್ಲಿ ಕಲಸಿ ಒಂದೇ ಆದವು. ಅಲ್ಲಿ ಅಪಾಯದ ಮಟ್ಟ ನೋಡಿ ಎಐ ವಿಂಗಡಿಸುತ್ತಾರೆ, ಕೆಲವನ್ನು ಪೂರ್ತಿ ನಿಷೇಧಿಸುತ್ತಾರೆ. ಭಾರತ ಆ ದಾರಿ ಹಿಡಿದಿರಲಿಲ್ಲ, ಇವತ್ತಿಗೂ ಹಿಡಿದಿಲ್ಲ.

ಕಾಕಾಗೆ ಫೋನ್ ಮಾಡಿ, ಪರ್ಮಿಷನ್ ಬರುವವರೆಗೆ ಕೆಲಸ ನಿಲ್ಲಿಸಿದ್ದೇವೆ ಅಂದೆ. ಅವರು ಸಿಟ್ಟಾಗಲಿಲ್ಲ. "ತಮ್ಮಾ, ಚಾಟ್ನಿ ಯಾರ ಪರ್ಮಿಷನ್‌ಗೂ ನಿಲ್ಲೂದಿಲ್ಲ" ಅಂದರು. ಎರಡು ವಾರದಲ್ಲಿ ಸಾಂಗ್ಲಿಯ ಹುಡುಗರಿಗೆ ಕೆಲಸ ಕೊಟ್ಟರು. ಅವರದು ಮರಾಠಿ ಆ್ಯಪ್, ಮೇಲೊಂದಿಷ್ಟು ಕನ್ನಡ ಅಕ್ಷರ. ಆದರೂ ಏಪ್ರಿಲ್‌ಗೆ ಕೈಯಲ್ಲಿತ್ತು. ನಾನು ಮುಂಗಡ ವಾಪಸ್ ಕೊಡಲು ಅಕ್ಕನ ಹತ್ತಿರ ಸಾಲ ಮಾಡಿದೆ. ಗೆಳೆಯ ಬೆಂಗಳೂರಿಗೆ ಕೆಲಸಕ್ಕೆ ಹೋದ. ಮೇ ತಿಂಗಳಲ್ಲಿ ಅವನೇ ಆ ಎರಡೂ ಪತ್ರಗಳನ್ನು ಕಳಿಸಿದ. ಓದಲು ಹತ್ತು ನಿಮಿಷ ಸಾಕಾಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದರಲ್ಲಿರುವ ಎರಡು ದಾರಿಯೂ ತಪ್ಪು ಅಂತ ನನಗೆ ಅನಿಸುತ್ತದೆ. ಕಾಯುತ್ತೀರಿ ಅಂದರೆ ಯಾವುದಕ್ಕೆ? 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಐ ಆಡಳಿತದ ಮಾರ್ಗಸೂಚಿ ಹೊರಡಿಸಿತು. ಸದ್ಯಕ್ಕೆ ಎಐಗೆ ಪ್ರತ್ಯೇಕ ಕಾಯ್ದೆ ಬೇಡ, ಇರುವ ಕಾಯ್ದೆಗಳಲ್ಲೇ ನಡೆಸೋಣ ಅನ್ನುವುದೇ ಅದರ ನಿಲುವು. ಸೂತ್ರ ಅಂತ ಏಳು ತತ್ವ ಹೇಳಿದ್ದಾರೆ, ಹೊಸತನವನ್ನು ಸುಮ್ನೆ ತಡೆಯಬಾರದು ಅನ್ನುವುದೂ ಅದರಲ್ಲಿದೆ. ಪರ್ಮಿಷನ್ ಅಂತೀರಾ, ನಿಮ್ಮಂಥ ಆ್ಯಪ್‌ಗೆ ಎಐ ಲೈಸೆನ್ಸ್ ಕೊಡುವ ಕಿಟಕಿಯೇ ಇಲ್ಲ. ತರಿಸಿಕೊಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ.

ಹಾಗಂತ ನಿಮ್ಮನ್ನು ಕೇಳುವವರೇ ಇಲ್ಲ ಅಂತಲೂ ಅಲ್ಲ. ನಿಮ್ಮನ್ನು ಹಿಡಿಯುವ ಕಾಯ್ದೆ ಬಂದಾಗಿದೆ, ಅದರ ಹೆಸರಿನಲ್ಲಿ ಎಐ ಅನ್ನುವ ಪದ ಇಲ್ಲ ಅಷ್ಟೇ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಸಹಿ ಬಿತ್ತು. ಅದರ ನಿಯಮ ಬರಲು 2025ರ ನವೆಂಬರ್ ಆಯಿತು. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ ಮತ್ತೆ 18 ತಿಂಗಳು. ಸಹಿಯಾದ ಕಾಯ್ದೆಗೇ ಇಷ್ಟು ಕಾಲ ಹಿಡಿಯುತ್ತದೆ, ಇನ್ನೂ ಹುಟ್ಟದ ಕಾಯ್ದೆಗೆ ಕಾದು ಕೂರುತ್ತೀರಾ? ರೈತರ ಹೆಸರು, ಫೋನ್ ನಂಬರ್, ದನಿ, ಹೊಲ ಎಲ್ಲಿದೆ ಅನ್ನುವುದು, ಎಲ್ಲವೂ ಅವರ ವೈಯಕ್ತಿಕ ಡೇಟಾ. ಯಾಕೆ ತಗೊಳ್ಳುತ್ತೀರಿ ಅಂತ ಹೇಳಿ ಒಪ್ಪಿಗೆ ಪಡೆಯಬೇಕು. ಆ ತಿಳಿವಳಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ರೈತರ ಹಕ್ಕು. ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಅದನ್ನು ವಾಪಸ್ ಪಡೆಯಲೂ ಆಗಬೇಕು. ಡೇಟಾ ಜೋಪಾನ ಮಾಡದೆ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ನನ್ನ ಹಳೆಯ ವ್ಯವಸ್ಥೆಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಇಲ್ಲದ ಲೈಸೆನ್ಸ್‌ಗೆ ಹೆದರಿದೆ, ಇದ್ದ ಕಾಯ್ದೆಯ ಕಡೆ ತಿರುಗಿ ನೋಡಲಿಲ್ಲ.

ದನಿಯ ವಿಷಯವೂ ಇದೆ. ಈ 2026ರ ಫೆಬ್ರುವರಿಯಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ಬಂತು. ನಿಜವಾದ ಮನುಷ್ಯರು, ನಿಜವಾದ ಘಟನೆ ಅಂತ ಜನ ನಂಬುವ ಹಾಗೆ ಮಾಡಿದ ಕೃತಕ ದನಿ, ಚಿತ್ರ, ವಿಡಿಯೋಗೆ ಗುರುತು ಇರಬೇಕು. ಇದು ಅಡ್ವೈಸರಿಯಲ್ಲ, ನಿಯಮ. ಮುಖ್ಯವಾಗಿ ಭಾರ ಬೀಳುವುದು ವೇದಿಕೆಗಳ ಮೇಲೆ. ಆದರೂ ನಿಮ್ಮ ಆ್ಯಪ್ ಮೊದಲ ಮಾತಲ್ಲೇ ತಾನು ಯಂತ್ರ ಅಂತ ಹೇಳಲಿ. ಹಳ್ಳಿಯ ಅಜ್ಜ ಯಾರೋ ಕೃಷಿ ಅಧಿಕಾರಿ ಮಾತಾಡುತ್ತಿದ್ದಾರೆ ಅಂತ ನಂಬಿ ಎಣ್ಣೆ ಹೊಡೆದರೆ, ಆ ಪಾಪ ಯಾವ ನಿಯಮ ಇಲ್ಲದಿದ್ದರೂ ನಮ್ಮದೇ.

ನಾನು ಕಳೆದ ವರ್ಷ ಮತ್ತೆ ಶುರು ಮಾಡಿದೆ, ಒಬ್ಬನೇ, ತಿಕೋಟಾದ ಮೂವತ್ತು ರೈತರ ಜೊತೆ. ಈ ಸಲ ಒಪ್ಪಿಗೆಯ ಮಾತನ್ನು ಮೊದಲು ನನ್ನ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ತಿಳಿಯದ ಪದ ಎಲ್ಲ ತೆಗೆದೆ. ಫೋಟೋಗಳನ್ನು ಹಂಗಾಮು ಮುಗಿದ ಮೇಲೆ ಅಳಿಸುತ್ತೇನೆ. ಆ್ಯಪ್ ರೋಗದ ಹೆಸರು ಹೇಳುತ್ತದೆ, ಎಣ್ಣೆಯ ಹೆಸರು ಹೇಳುವುದಿಲ್ಲ. ಖಚಿತ ಇಲ್ಲದಿದ್ದರೆ ಇಲ್ಲ ಅನ್ನುತ್ತದೆ, ತೋಟಗಾರಿಕೆ ಇಲಾಖೆಯವರಿಗೆ ಎಲೆ ತೋರಿಸಿ ಅನ್ನುತ್ತದೆ.

ದಾಳಿಂಬೆಯವರು ನೀವು, ನಿಮ್ಮ ಊರಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ಗೊತ್ತಿರುವವರು ಅಲ್ಲಿ ಸಿಗುತ್ತಾರೆ. ನಾಳೆ ಒಂದು ಲಾಯರ್ ಆಫೀಸು, ಒಂದು ಆ ವಿಶ್ವವಿದ್ಯಾಲಯ, ಎರಡರಲ್ಲಿ ಒಂದಕ್ಕೇ ಹೋಗಲು ಸಮಯ ಇದೆ ಅಂದರೆ ಎರಡನೆಯದಕ್ಕೆ ಹೋಗಿ. ಒಪ್ಪಿಗೆಯ ಕರಡು ಬರೆದ ಮೇಲೆ ಇಲ್ಲೇ ಕೆಳಗೆ ಹಾಕಿ. ನಾನು ಓದಿ, ಎಲ್ಲಿ ತೊಡಕಿದೆ ಅಂತ ಹೇಳುತ್ತೇನೆ.