1.50 ಲಕ್ಷದ ಬೈಕಿಗೆ ಆನ್‌ರೋಡ್ 2,06,800 ಅಂತಾರೆ, ಸರಿಯಾದ ಬೆಲೆಯಾ?

160 ಸಿಸಿ ಬೈಕು, ಎಕ್ಸ್‌ಶೋರೂಮ್ 1,50,000, ದಾವಣಗೆರೆ ಡೀಲರ್ ಕೊಟ್ಟ ಕೊಟೇಶನ್ 2,06,800 ಅಂತ ಬರೆದಿದ್ದೀರಿ. ಜಾಸ್ತಿ ಆಯ್ತು. ಹಿಂದೆ ಒಂದು ಶೋರೂಮಿನಲ್ಲಿ ಬಿಲ್ಲಿಂಗ್ ನೋಡಿಕೊಂಡಿದ್ದವನು ನಾನು, ಒಳಗಿನ ಲೆಕ್ಕ ಹೇಳ್ತೀನಿ.

ಎಕ್ಸ್‌ಶೋರೂಮ್ ಬೆಲೆ ಕಂಪನಿಯದ್ದು, ಜಿಎಸ್‌ಟಿ ಅದರೊಳಗೇ ಇದೆ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಊರು ಆರಿಸಿ ತಾಳೆ ನೋಡಿ. ಆಮೇಲೆ ಸರ್ಕಾರದ್ದು. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆ 18%, ಆ ತೆರಿಗೆಯ ಮೇಲೆ 11% ಸೆಸ್. ನಿಮ್ಮದಕ್ಕೆ 27,000 ಮತ್ತು 2,970, ಒಟ್ಟು 29,970. ನೋಂದಣಿ ಶುಲ್ಕ 300, ಸ್ಮಾರ್ಟ್ ಕಾರ್ಡಿಗೆ 200, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 500, ಮೇಲೊಂದು ಸಣ್ಣ ಸೆಸ್. ಇಲ್ಲಿಗೆ ಸುಮಾರು 1,81,000. ಇಷ್ಟರಲ್ಲಿ ಡೀಲರ್ ಕೈಯಾಡಿಸೋಕೆ ಜಾಗ ಇಲ್ಲ, ನೀವು ಚೌಕಾಸಿ ಮಾಡಿಯೂ ಪ್ರಯೋಜನ ಇಲ್ಲ.

ಒಂದು ಲಕ್ಷದ ಗೆರೆಯ ಹತ್ತಿರ ಇರೋ ಬೈಕ್ ನೋಡ್ತಿರುವವರಿಗೂ ಒಂದು ಮಾತು. ಗೆರೆಯ ಕೆಳಗೆ ತೆರಿಗೆ 12% ಮಾತ್ರ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 28ರಿಂದ 18%ಗೆ ಇಳಿಯಿತಲ್ಲ, ಆಗ 1,05,000 ಇದ್ದ ಗಾಡಿ ಸುಮಾರು 96,800ಕ್ಕೆ ಬಂತು, ಜೊತೆಗೆ ಆಜೀವ ತೆರಿಗೆಯಲ್ಲೇ ಇನ್ನೂ ಎಂಟು ಸಾವಿರ ಉಳಿಯಿತು.

ನಿಜವಾದ ಆಟ ಇನ್ಶೂರೆನ್ಸಿನಿಂದ ಶುರು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆ, ಕಡ್ಡಾಯ. 150ರಿಂದ 350 ಸಿಸಿಗೆ ಅದರ ದರ 7,365, ಜಿಎಸ್‌ಟಿ ಸೇರಿ 8,691. ಇದು ಯಾವ ಕಂಪನಿಯಲ್ಲೂ ಒಂದೇ. ಸ್ವಂತ ಹಾನಿಯ ಒಂದು ವರ್ಷದ ಭಾಗ, ಅಪಘಾತ ವಿಮೆ ಎಲ್ಲ ಸೇರಿದರೂ ಹನ್ನೆರಡು ಹದಿಮೂರು ಸಾವಿರದೊಳಗೆ ಮುಗಿಯಬೇಕು. ಡೀಲರ್ ಹದಿನೇಳು ಸಾವಿರ ಅಂದರೆ ನೀವು ಕೇಳದ ಆಡ್‌ಆನ್‌ಗಳು ಅದರಲ್ಲಿ ಕೂತಿವೆ ಅಂತ ಅರ್ಥ. ಅವರ ಹತ್ತಿರವೇ ಇನ್ಶೂರೆನ್ಸ್ ಮಾಡಿಸಬೇಕೆಂಬ ಕಾನೂನಿಲ್ಲ. ಆನ್‌ಲೈನ್‌ನಲ್ಲಿ ಅದೇ ಐಡಿವಿ (ವಿಮೆಗೆ ಲೆಕ್ಕ ಹಿಡಿಯುವ ಗಾಡಿಯ ಬೆಲೆ) ಹಾಕಿ ಕೊಟೇಶನ್ ತೆಗೆದು ಮೇಜಿನ ಮೇಲೆ ಇಡಿ, ಮಾತಿನ ಧಾಟಿಯೇ ಬದಲಾಗುತ್ತೆ.

ಅಲ್ಲಿಗೆ 1,94,000. ಉಳಿದ ಹದಿಮೂರು ಸಾವಿರ ಎಲ್ಲಿ ಹೋಯ್ತು? ಹ್ಯಾಂಡ್ಲಿಂಗ್ ಚಾರ್ಜ್, ಟೆಫ್ಲಾನ್ ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, 'ಕಡ್ಡಾಯ' ಆಕ್ಸೆಸರಿ ಕಿಟ್. ಗಾಡಿಯನ್ನು ಗೋಡೌನಿನಿಂದ ಶೋರೂಮಿಗೆ ತರೋದು ಡೀಲರ್ ಕೆಲಸ, ಹ್ಯಾಂಡ್ಲಿಂಗ್ ಹೆಸರಲ್ಲಿ ಒಂದು ರೂಪಾಯಿಯೂ ಕೊಡಬೇಡಿ. ಸ್ಯಾರಿ ಗಾರ್ಡ್, ಹಿಂದೆ ಕೂತವರ ಹಿಡಿಕೆ, ಫುಟ್‌ರೆಸ್ಟ್ ಮೂರನ್ನೂ ಮೋಟಾರು ವಾಹನ ನಿಯಮವೇ ಬೈಕಿನ ಭಾಗ ಅನ್ನುತ್ತೆ. ಹೆಲ್ಮೆಟ್ಟನ್ನೂ ಗಾಡಿ ಜೊತೆ ಕೊಡಬೇಕೆಂದಿದೆ. ಇವನ್ನು ಆಕ್ಸೆಸರಿ ಅಂತ ಬಿಲ್ ಮಾಡೋದು ನೋಡಿದರೆ ನಗು ಬರುತ್ತೆ. ವಾರಂಟಿ ಮಾತ್ರ ನಿಮ್ಮಿಷ್ಟ, ದಿನಾ ದೂರ ಓಡಿಸುವವರಿಗೆ ಬೇಕಾಗಬಹುದು.

ಒಟ್ಟು ಮೊತ್ತದ ಚೀಟಿ ಒಪ್ಪಬೇಡಿ, ಸಾಲುಸಾಲಾಗಿ ಬರೆಸಿಕೊಂಡು ಸೀಲ್ ಹಾಕಿಸಿ. 'ಲೋನಾ, ಕ್ಯಾಶಾ' ಅಂತ ಮೊದಲೇ ಕೇಳಿದರೆ ಆಮೇಲೆ ಹೇಳ್ತೀನಿ ಅನ್ನಿ. ಸಾಲ ಕೊಡಿಸಿದರೆ ಫೈನಾನ್ಸ್‌ನವರಿಂದ ಡೀಲರ್‌ಗೆ ಕಮಿಷನ್ ಬರುತ್ತೆ. ಅದು ಬರುವ ಹಾಗಿದ್ದರೆ ಆಕ್ಸೆಸರಿಯಲ್ಲಿ ಬಿಡೋಕೆ ಮನಸ್ಸು ಮಾಡ್ತಾರೆ. ಆದರೆ ಬಡ್ಡಿಯನ್ನು ನಿಮ್ಮ ಬ್ಯಾಂಕಿನ ದರದ ಜೊತೆ ಹೋಲಿಸಿ ನೋಡಿ. ಗಾಡಿ ತಯಾರಾದ ತಿಂಗಳನ್ನೂ ಕೇಳಿ. ಜನವರಿಯಲ್ಲಿ ಹೋದ ವರ್ಷದ ಗಾಡಿ ಕೊಡ್ತಿದ್ದರೆ ರಿಯಾಯಿತಿ ಕೇಳೋದು ನಿಮ್ಮ ಹಕ್ಕು, ಯಾಕೆಂದರೆ ಮಾರುವಾಗ ಆರ್‌ಸಿಯಲ್ಲಿರೋ ವರ್ಷವನ್ನೇ ಎಲ್ಲರೂ ನೋಡೋದು.

ವಾರಂಟಿ ಬೇಡವಾದರೆ 1,95,000ದೊಳಗೆ ಬಂದಾಗ ಬುಕ್ ಮಾಡಿ. ಇಳಿಯದಿದ್ದರೆ ಹರಿಹರದಲ್ಲೋ ಚಿತ್ರದುರ್ಗದಲ್ಲೋ ಅದೇ ಕಂಪನಿಯ ಶೋರೂಮಿದ್ದರೆ ಅಲ್ಲೂ ಕೊಟೇಶನ್ ಕೇಳಿ.