ಕೋವಿ ವಿನಾಯಿತಿಗೆ ವಿಧಾನಸಭೆಯ ಕದ ತಟ್ಟಬೇಡಿ

ಕೊಡಗಿನ ಕೋವಿ ವಿನಾಯಿತಿ (ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಅವಕಾಶ) 2029ಕ್ಕೆ ಮುಗಿಯುತ್ತದೆ, ಶಾಸಕರಿಂದ ಮಸೂದೆ ತರಿಸಿ ಅದನ್ನು ಶಾಶ್ವತ ಮಾಡಿಸುವುದು ಹೇಗೆ ಅಂತ ಕೇಳಿದ್ದೀರಿ. ನಾವೂ ಇದೇ ದಾರಿ ಹಿಡಿದು ಕೈಸುಟ್ಟುಕೊಂಡವರು.

ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆ ಹಬ್ಬದ ದಿನ, ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ ಕೋವಿಗಳನ್ನು ಸಾಲಾಗಿ ಇಟ್ಟಿದ್ದ ಕುಲದ ಮೂಲಮನೆ, ಐನ್‌ಮನೆಯಲ್ಲೇ ಅರ್ಜಿಗೆ ಸಹಿ ಹಾಕಿಸಿಕೊಂಡೆವು. ಸಹಿಗೇನೂ ಬರವಿರಲಿಲ್ಲ. ಕೆಟ್ಟದ್ದು ಮೊದಲ ಸಾಲು: 'ಮಾನ್ಯ ಸಭಾಧ್ಯಕ್ಷರು, ಕರ್ನಾಟಕ ವಿಧಾನಸಭೆ'. ಸಂವಿಧಾನದ ಏಳನೇ ಅನುಸೂಚಿ, ಕೇಂದ್ರ ಪಟ್ಟಿಯ 5ನೇ ನಮೂದು ನೋಡಿ: ಆಯುಧ, ಬಂದೂಕು, ಮದ್ದುಗುಂಡು, ಸ್ಫೋಟಕ ಎಲ್ಲ ಸಂಸತ್ತಿನ ಪಾಲು. ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರದ ಶಾಸಕರು ಜೊತೆಗೆ ನಿಂತರೂ ವಿಧಾನಸಭೆ ಕೇಂದ್ರದ ಆಯುಧ ಕಾಯ್ದೆಯ ಒಂದಕ್ಷರ ತಿದ್ದಲಾರದು. ಹೆಚ್ಚೆಂದರೆ ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು, ಅದೂ ಕೋರಿಕೆಯೇ. ಪರವಾನಗಿಯ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಓಡಾಡುವುದರಿಂದ ಇದು ರಾಜ್ಯದ್ದೇ ಕೆಲಸ ಅಂತ ಅಂದುಕೊಂಡಿದ್ದೆವು. ನಮ್ಮ ಅರ್ಜಿ ಮೇಜಿನಿಂದ ಮೇಜಿಗೆ ಅಲೆದು, ತಿಂಗಳುಗಳು ಕಳೆದ ಮೇಲೆ 'ವಿಷಯ ಕೇಂದ್ರಕ್ಕೆ ಸಂಬಂಧಿಸಿದ್ದು' ಎಂಬ ಒಂದೇ ಸಾಲಿನ ಉತ್ತರ ಹೊತ್ತು ಬಂತು.

ಇನ್ನು 'ಶಾಶ್ವತ' ಎಂಬ ಮಾತು. ನನ್ನ ಕೇಳಿದರೆ ಅದನ್ನು ಕೇಳಲೇ ಬಾರದು. ವಿನಾಯಿತಿ ನಿಂತಿರುವುದು ಕೇಂದ್ರಕ್ಕೆ ವಿನಾಯಿತಿ ಕೊಡುವ ಅಧಿಕಾರವಿತ್ತ, 1959ರ ಆಯುಧ ಕಾಯ್ದೆಯ 41ನೇ ಕಲಮಿನ ಮೇಲೆ. ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್ 29ರಂದು ಅಧಿಸೂಚನೆ ಹೊರಡಿಸಿ, ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿ ಕಡ್ಡಾಯ ಮಾಡುವ 3 ಮತ್ತು 4ನೇ ಕಲಮುಗಳಿಂದ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಕೊಟ್ಟಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಳ್ಳಿಹಾಕಿದಾಗ ಕೊಟ್ಟ ಕಾರಣಗಳಲ್ಲಿ ಒಂದು ಇದು: ವಿನಾಯಿತಿ ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷದ್ದು, ಷರತ್ತುಗಳಿಗೆ ಒಳಪಟ್ಟದ್ದು. ನೀವು ಕಿತ್ತುಹಾಕಬೇಕೆನ್ನುವ ಆ ಗಡುವೇ ನಮ್ಮನ್ನು ಕಾಪಾಡಿದೆ.

ಸಂಸತ್ತಿನಲ್ಲಿ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಅಂತೀರೇನೋ. ಈವರೆಗೆ ಕಾಯ್ದೆಯಾದವು 14, ಕೊನೆಯದು 1970ರಲ್ಲಿ. ಜೊತೆಗೆ ಕಾಯ್ದೆಗೇ ಕೈಹಾಕಿದರೆ ಏನಾಗುತ್ತದೆಂದು 2019ರ ತಿದ್ದುಪಡಿಯಲ್ಲೇ ಕಂಡೆವು: ಪರವಾನಗಿದಾರರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು.

ಹಾಗಾಗಿ ಕೇಳಬೇಕಾದದ್ದು ನವೀಕರಣ, ಅದೂ ಗಡುವಿಗೆ ವರ್ಷವೆರಡು ಮುಂಚೆಯೇ. ಮೊದಲು ಗೃಹ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 2019ರ ಕಡತದ ಟಿಪ್ಪಣಿಗಳನ್ನೂ ರಾಜ್ಯ ಕೊಟ್ಟ ಅಭಿಪ್ರಾಯವನ್ನೂ ಕೇಳಿ. ಉತ್ತರಕ್ಕೆ 30 ದಿನ. ಹಿಂದಿನ ಸಲ ಯಾವ ವಾದಕ್ಕೆ ತೂಕ ಬಂತೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಮೈಸೂರು-ಕೊಡಗು ಸಂಸದರಿಂದ ಲೋಕಸಭೆಯಲ್ಲಿ ಚುಕ್ಕೆರಹಿತ (ಲಿಖಿತ ಉತ್ತರವಷ್ಟೇ ಸಿಗುವ) ಪ್ರಶ್ನೆ ಕೇಳಿಸಿ, 15 ಪೂರ್ಣ ದಿನಗಳ ಮುಂಚೆ ಸೂಚನೆ ಕೊಡಬೇಕು. ಲಿಖಿತ ಉತ್ತರ ಬಂದರೆ ಸಚಿವಾಲಯದ ನಿಲುವು ದಾಖಲೆಗೆ ಸಿಕ್ಕಿತು. ಮನವಿ ಒಂದೇ ಪುಟ ಸಾಕು. ಕಲಮು, ಅಧಿಸೂಚನೆಯ ದಿನಾಂಕ, ಕೊನೆಯ ದಿನ ಮೂರೂ ಮೊದಲ ಸಾಲಲ್ಲಿರಲಿ. ಶೌರ್ಯ, ಪರಂಪರೆಯ ವರ್ಣನೆ ಎರಡು ಸಾಲು ದಾಟದಿರಲಿ.

ಜಿಲ್ಲೆಯ ಹೊರಗೆ ಒಯ್ಯುವ ಮಿತಿಯನ್ನು (ಒಂದು ರೈಫಲ್, 100 ಗುಂಡು, ನಳಿಗೆಯ ಒಳಮೈ ನಯವಾಗಿರುವ ಒಂದು ಕೋವಿ, 500 ತೋಟೆ) ಹೆಚ್ಚಿಸಿ ಅಂತ ಅದೇ ಮನವಿಯಲ್ಲಿ ತುರುಕಬೇಡಿ. ನವೀಕರಣದ ಕಡತವೂ ಅದರ ಜೊತೆ ಕೂತುಬಿಡುತ್ತದೆ.